ಹಬ್ಬದ ರೊಟ್ಟಿ ನಮ್ಮ ಮನೆಗೆ ಬಂದ ದಾರಿ

ಆಗಮನ ಕಾಲದ ಮೊದಲ ಮೇಣದಬತ್ತಿ ಹೊತ್ತಿಕೊಂಡಿತೆಂದರೆ ನಮ್ಮ ಅಡುಗೆಮನೆಗಳಿಗೂ ಹಬ್ಬದ ಗಾಳಿ ಬೀಸುತ್ತದೆ. ಗೋದಲಿಗೆ ಹುಲ್ಲು, ಪಾಚಿ ಹುಡುಕುವವರು ಒಂದು ಕಡೆಯಾದರೆ, ಒಣದ್ರಾಕ್ಷಿಯ ತೊಟ್ಟು ಬಿಡಿಸುವವರು, ಗೋಡಂಬಿ ಹೆಚ್ಚುವವರು, ಖರ್ಜೂರದ ಬೀಜ ತೆಗೆಯುವವರು ಇನ್ನೊಂದು ಕಡೆ. ಈ ಹಣ್ಣು-ಬೀಜಗಳನ್ನು ಹಿಟ್ಟಿನಲ್ಲಿ ಕಲಸಿ, ಅಡುಗೆ ಸೋಡದಿಂದ ಉಬ್ಬಿಸಿ, ಒಂದೂವರೆ ಗಂಟೆಯೊಳಗೆ ಬೇಯಿಸಿ ಇಳಿಸುವ ಸಿಹಿರೊಟ್ಟಿಯನ್ನು ಕೆಲವರು ಕೇಕು ಎನ್ನುತ್ತೇವೆ, ಕೆಲವರು ಫ್ರೂಟ್ ಬ್ರೆಡ್ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಈ ಬಗೆಯವಕ್ಕೆಲ್ಲ ಕ್ವಿಕ್ ಬ್ರೆಡ್ ಎಂಬ ಹೆಸರಿದೆ. ಅಂದರೆ ಹಿಟ್ಟು ಹುದುಗು ಬರುವ ತನಕ ಕಾಯದೆ, ಕಲಸಿದ ಕೂಡಲೇ ಬೇಯಿಸುವ ರೊಟ್ಟಿ.

ಇಂದು ಯಾವ ಬಡಾವಣೆಯ ಅಂಗಡಿಯಲ್ಲೂ ಸಿಗುವ ಸಾಮಾನುಗಳಿಂದ ಯಾರೂ ಮಾಡಬಹುದಾದ ಈ ರೊಟ್ಟಿ ಬಹಳ ಕಾಲ ಎಲ್ಲರಿಗೂ ದಕ್ಕುವಂಥದ್ದಾಗಿರಲಿಲ್ಲ. ಅದು ಸಾಮಾನ್ಯ ಕುಟುಂಬದ ಮೇಜಿಗೆ ಬರಬೇಕಾದರೆ ನಾಲ್ಕು ಬಾಗಿಲುಗಳು ತೆರೆಯಬೇಕಿತ್ತು: ಅಪ್ಪಣೆ, ಹಣ, ಒಲೆ ಮತ್ತು ಸಮಯ. ಅವು ಒಂದೊಂದಾಗಿ ತೆರೆದ ಚರಿತ್ರೆಯನ್ನು ಈ ಹಬ್ಬದ ಸಂದರ್ಭದಲ್ಲಿ ನಾವು ನೆನೆಯೋಣ.

ರೊಟ್ಟಿಯ ಮನೆಯಲ್ಲಿ ಹುಟ್ಟಿದ ಕಂದ

ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ 'ರೊಟ್ಟಿಯ ಮನೆ' ಎಂಬ ಅರ್ಥವಿದೆ. ಯೇಸುಸ್ವಾಮಿಯ ಜನನವನ್ನು ರೊಟ್ಟಿಯೊಂದಿಗೆ ಆಚರಿಸುವ ಕ್ರೈಸ್ತ ಸಮುದಾಯಗಳು ಲೋಕದ ಎಲ್ಲೆಡೆ ಇರುವುದು ಆಶ್ಚರ್ಯವಲ್ಲ.

ಅವಸರದ ರೊಟ್ಟಿಗೂ ಪವಿತ್ರ ಗ್ರಂಥದಲ್ಲಿ ಗೌರವದ ಸ್ಥಾನವಿದೆ. ಮಮ್ರೆಯ ಮರಗಳ ಬಳಿ ಮೂವರು ಅಪರಿಚಿತರು ಬಂದು ನಿಂತಾಗ ಅಬ್ರಹಾಮನು ಗುಡಾರದೊಳಕ್ಕೆ ಓಡಿ, ಬೇಗ ಹಿಟ್ಟು ನಾದಿ ರೊಟ್ಟಿ ಮಾಡುವಂತೆ ಸಾರಳಿಗೆ ಹೇಳಿದ್ದನ್ನು ಆದಿಕಾಂಡದಲ್ಲಿ ಓದುತ್ತೇವೆ. ಈಜಿಪ್ಟಿನಿಂದ ಹೊರಟ ಇಸ್ರಯೇಲರಿಗೆ ಹಿಟ್ಟು ಹುಳಿ ಬರುವ ತನಕ ಕಾಯಲು ಬಿಡುವಿರಲಿಲ್ಲ ಎಂದು ವಿಮೋಚನಾಕಾಂಡ ತಿಳಿಸುತ್ತದೆ. ಒಂದು ರೊಟ್ಟಿ ಹೇಳದೆ ಬಂದ ಅತಿಥಿಗಾಗಿ ಆದದ್ದು, ಇನ್ನೊಂದು ಬಿಡುಗಡೆಯ ಹಾದಿಯಲ್ಲಿದ್ದವರಿಗಾಗಿ ಆದದ್ದು. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಬೆಣ್ಣೆಗೆ ಬೇಕಾಗಿದ್ದ ಅಪ್ಪಣೆ

ಕ್ರಿಸ್ತಜಯಂತಿಯ ಹಣ್ಣಿನ ರೊಟ್ಟಿಗಳಲ್ಲಿ ಬಹಳ ಹಳೆಯ ದಾಖಲೆಯುಳ್ಳದ್ದು ಜರ್ಮನಿಯ ಸ್ಟೋಲನ್. 1329ರಲ್ಲಿ ನೌಮ್‌ಬುರ್ಗ್ ಪಟ್ಟಣದ ಧರ್ಮಾಧ್ಯಕ್ಷರು ಅಲ್ಲಿನ ರೊಟ್ಟಿಗಾರರ ಸಂಘಕ್ಕೆ ಹಕ್ಕುಪತ್ರ ಕೊಟ್ಟಾಗ, ಪ್ರತಿ ಕ್ರಿಸ್ಮಸ್ಸಿಗೆ ಎರಡು ಉದ್ದನೆಯ ಗೋಧಿ ರೊಟ್ಟಿಗಳನ್ನು ಒಪ್ಪಿಸಬೇಕೆಂದು ಗೊತ್ತುಮಾಡಿದ್ದರು. ಇದೇ ಸ್ಟೋಲನ್‌ನ ಮೊದಲ ಉಲ್ಲೇಖವೆಂದು ಹೇಳಲಾಗುತ್ತದೆ. ಡ್ರೆಸ್ಡನ್ ನಗರದಲ್ಲಿ 1434ರಲ್ಲಿ ಆರಂಭವಾದ ಕ್ರಿಸ್ಮಸ್ ಸಂತೆ ಇಂದಿಗೂ ನಡೆಯುತ್ತಿದೆ. ಅದರ ಹೆಸರಾದ ಸ್ಟ್ರೀಟ್ಸೆಲ್‌ಮಾರ್ಕ್ಟ್ ಬಂದದ್ದೂ ಈ ರೊಟ್ಟಿಯ ಇನ್ನೊಂದು ಹೆಸರಿನಿಂದಲೇ. ಮೇಲೆಲ್ಲ ಬಿಳಿ ಸಕ್ಕರೆ ಪುಡಿ ಹೊದ್ದುಕೊಂಡ ಸ್ಟೋಲನ್ ಬಟ್ಟೆಯಲ್ಲಿ ಸುತ್ತಿದ ಬಾಲಯೇಸುವನ್ನು ನೆನಪಿಸುತ್ತದೆ ಎಂದು ಅಲ್ಲಿನ ಜನ ಹೇಳುತ್ತಾರೆ.

ಆದರೆ ಆ ಕಾಲದ ಸ್ಟೋಲನ್ ಇಂದಿನಂತೆ ರುಚಿಕರವಾಗಿರಲಿಲ್ಲ. ಮಧ್ಯಯುಗದಲ್ಲಿ ಆಗಮನ ಕಾಲವೆಂದರೆ ಕಟ್ಟುನಿಟ್ಟಿನ ಉಪವಾಸದ ಕಾಲ. ಹಲವು ಕಡೆ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬ ಮುಗಿದೊಡನೆ ಅದು ಆರಂಭವಾಗುತ್ತಿತ್ತು. ಉಪವಾಸದ ದಿನಗಳಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು-ಬೆಣ್ಣೆಯೂ ಇಲ್ಲ. ಹಿಟ್ಟು, ನೀರು, ಹುದುಗು ಮತ್ತು ಎಣ್ಣೆ ಇಷ್ಟರಲ್ಲೇ ರೊಟ್ಟಿಯಾಗಬೇಕು. ಆಲಿವ್ ಬೆಳೆಯುವ ದಕ್ಷಿಣದ ನಾಡುಗಳಿಗೆ ಇದು ಕಷ್ಟವೆನಿಸಲಿಲ್ಲ. ಉತ್ತರದ ಚಳಿನಾಡಿನಲ್ಲಿ ಆಲಿವ್ ಬೆಳೆಯುವುದಿಲ್ಲ. ಅಲ್ಲಿ ಒಳ್ಳೆಯ ಎಣ್ಣೆ ದುಬಾರಿ, ಅಗ್ಗದ ಎಣ್ಣೆ ಕಹಿ. ಹಾಗೆಯೇ ಅಲ್ಲಿ ಹಸುಗಳಿದ್ದವು, ಬೆಣ್ಣೆ ಧಾರಾಳವಾಗಿತ್ತು. ಒಂದೇ ನಿಯಮ ಎರಡು ನಾಡುಗಳ ಮೇಲೆ ಒಂದೇ ತೂಕದಲ್ಲಿ ಬೀಳಲಿಲ್ಲ.

ಸ್ಯಾಕ್ಸನಿಯ ಅರಸುಮನೆತನದವರು ಈ ಬಗ್ಗೆ ರೋಮಿಗೆ ಮನವಿ ಸಲ್ಲಿಸಿದರು. ಕೊನೆಗೆ 1491ರಲ್ಲಿ ಜಗದ್ಗುರು ಎಂಟನೇ ಇನ್ನೊಸೆಂಟರು ಬೆಣ್ಣೆ ಬಳಸಲು ಅನುಮತಿ ಕೊಟ್ಟರು. ಚರಿತ್ರೆಯಲ್ಲಿ ಇದು 'ಬೆಣ್ಣೆ ಪತ್ರ' ಎಂದೇ ಹೆಸರಾಗಿದೆ. ಅನುಮತಿಯ ಜೊತೆ ಒಂದು ಷರತ್ತೂ ಇತ್ತು: ಬೆಣ್ಣೆ ತಿನ್ನುವವರು ಕಾಣಿಕೆ ಸಲ್ಲಿಸಬೇಕು. ಹೀಗೆ ಕೂಡಿದ ಹಣ ಬೆಂಕಿಗೆ ಆಹುತಿಯಾಗಿದ್ದ ಫ್ರೈಬರ್ಗ್ ದೇವಾಲಯದ ಮರುನಿರ್ಮಾಣಕ್ಕೆ ನೆರವಾಯಿತು. ಅದೇ ಕಾಲದಲ್ಲಿ ಫ್ರಾನ್ಸಿನ ರುವಾಂ ಪ್ರಧಾನಾಲಯದ ಒಂದು ಗೋಪುರಕ್ಕೂ ಇಂಥದ್ದೇ ಕಾಣಿಕೆ ಬಳಕೆಯಾಯಿತು. ಅದನ್ನು ಜನ ಇಂದಿಗೂ 'ಬೆಣ್ಣೆಯ ಗೋಪುರ' ಎನ್ನುತ್ತಾರೆ.

ಈ ವ್ಯವಸ್ಥೆಯ ಕುಂದನ್ನು ನಾವು ಮುಚ್ಚಿಡಬೇಕಾಗಿಲ್ಲ. ಹಣವುಳ್ಳವನು ಕಾಣಿಕೆ ಕೊಟ್ಟು ಬೆಣ್ಣೆ ತಿಂದ, ಇಲ್ಲದವನು ಕಹಿ ಎಣ್ಣೆಯಲ್ಲೇ ಉಪವಾಸ ಮುಗಿಸಿದ. ಮಾರ್ಟಿನ್ ಲೂಥರ್ 1520ರಲ್ಲಿ ಜರ್ಮನ್ ನಾಯಕರಿಗೆ ಬರೆದ ಬರಹದಲ್ಲಿ ಇದನ್ನೂ ಕಟುವಾಗಿ ಟೀಕಿಸಿದರು. ಧರ್ಮಸಭೆಯ ನಿಯಮಗಳೂ ಕಾಲಕ್ರಮದಲ್ಲಿ ಬದಲಾದವು. 1917ರ ಧರ್ಮಸಭಾ ಕಾನೂನು ಸಂಹಿತೆ ಮಾಂಸ ವರ್ಜಿಸುವ ದಿನಗಳಲ್ಲಿ ಮೊಟ್ಟೆ, ಹಾಲು, ಬೆಣ್ಣೆಗೆ ಅಡ್ಡಿಯಿಲ್ಲವೆಂದಿತು. 1966ರಲ್ಲಿ ಜಗದ್ಗುರು ಆರನೇ ಪೌಲರು ಹೊರಡಿಸಿದ ಶಾಸನವು, ಉಪವಾಸದ ಬದಲಿಗೆ ದಾನಧರ್ಮ ಮತ್ತು ಭಕ್ತಿಕಾರ್ಯಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗಳಿಗೆ ನೀಡಿತು. ಬೆಣ್ಣೆಯ ಬಾಗಿಲು ಪೂರ್ತಿ ತೆರೆಯಿತು. ಆದರೆ ಬಾಗಿಲು ತೆರೆದವರು ಒಂದು ಕರ್ತವ್ಯವನ್ನೂ ನಮ್ಮ ಕೈಗೆ ಕೊಟ್ಟರು: ಬಾಯಿಗೆ ಹಾಕಿದ ಕಟ್ಟು ಸಡಿಲವಾದಷ್ಟೂ ಕೊಡುವ ಕೈ ಧಾರಾಳವಾಗಬೇಕು.

ಸಿಹಿಯ ಹಿಂದಿನ ಕಹಿ

ಎರಡನೆಯ ಬಾಗಿಲು ಹಣದ್ದು. ಇಂಗ್ಲೆಂಡಿನ ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರಲೇಬೇಕೆಂದಿಲ್ಲ. ಅಲ್ಲಿ 'ಪ್ಲಮ್' ಎಂದರೆ ಒಣದ್ರಾಕ್ಷಿ. ಸ್ಪೇನ್, ಗ್ರೀಸ್, ತುರ್ಕಿಗಳಿಂದ ಹಡಗಿನಲ್ಲಿ ಬರುತ್ತಿದ್ದ ದ್ರಾಕ್ಷಿ, ಪೂರ್ವದಿಂದ ಬರುತ್ತಿದ್ದ ಚಕ್ಕೆ, ಲವಂಗ, ಜಾಯಿಕಾಯಿ ಇವೆಲ್ಲ ಸೇರಿ ಈ ತಿನಿಸು ಸಿರಿವಂತರದಾಗಿತ್ತು. ಬಡವರಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಅದೇ ಭಾಗ್ಯ. 1647ರಲ್ಲಿ ಪ್ಯೂರಿಟನ್ನರ ಪಾರ್ಲಿಮೆಂಟು ಕ್ರಿಸ್ಮಸ್ ಹಬ್ಬವನ್ನೇ ರದ್ದುಮಾಡಿದಾಗಲೂ ಜನ ಗುಟ್ಟಾಗಿ ಹಬ್ಬ ಮಾಡುವುದನ್ನು ಬಿಡಲಿಲ್ಲ. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಹಬ್ಬವೂ ಬಹಿರಂಗವಾಗಿ ಮರಳಿತು.

ಮುಂದೆ ಸಕ್ಕರೆ ಅಗ್ಗವಾಯಿತು. ಏಕೆ ಅಗ್ಗವಾಯಿತು ಎಂಬುದನ್ನು ತಿಳಿದರೆ ಬಾಯಿಯ ಸಿಹಿ ಕಹಿಯಾದೀತು. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಲಕ್ಷಾಂತರ ಗುಲಾಮರು ದುಡಿದು ಸತ್ತರು. ಆ ದುಡಿಮೆಯ ಸಕ್ಕರೆಯೇ ಯೂರೋಪಿನ ಹಬ್ಬದ ಕೇಕಿಗೆ ಹೋಯಿತು. 1791ರ ನಂತರ ಇಂಗ್ಲೆಂಡಿನ ಲಕ್ಷಾಂತರ ಜನರು, ಅದರಲ್ಲೂ ಮನೆವಾರ್ತೆ ನೋಡುವ ಹೆಂಗಸರು, ಗುಲಾಮರ ಸಕ್ಕರೆ ನಮಗೆ ಬೇಡವೆಂದು ಕೈಬಿಟ್ಟರು. ಕೆಲವರು ಅದರ ಬದಲು ಭಾರತದಿಂದ ಬರುವ ಸಕ್ಕರೆ ಕೊಂಡರು. ಗುಲಾಮರು ಮಾಡಿದ್ದಲ್ಲವೆಂದು ಬರೆದ ಸಕ್ಕರೆ ಬಟ್ಟಲುಗಳೂ ಮಾರಾಟಕ್ಕೆ ಬಂದವು. ಅಡುಗೆಮನೆಯಲ್ಲಿ ಕುಳಿತವರೂ ನ್ಯಾಯದ ಪರ ನಿಲ್ಲಬಹುದೆಂದು ತೋರಿಸಿದ ಘಟನೆ ಅದು.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ರದ್ದುಮಾಡುವ ಕಾಯಿದೆ ತಂದಿತು. ಆದರೆ ತೋಟಗಳಿಗೆ ಕೈಗಳು ಬೇಕಾಗಿಯೇ ಇದ್ದವು. 1834ರಿಂದ ಮಾರಿಷಸ್ಸಿಗೆ, 1838ರಿಂದ ಬ್ರಿಟಿಷ್ ಗಯಾನಕ್ಕೆ ನಮ್ಮ ದೇಶದ ಬಡವರನ್ನೇ ಕರಾರಿನ ಕೂಲಿಗಳಾಗಿ ಹಡಗು ಹತ್ತಿಸಿದರು. ಇದನ್ನು ನೆನೆದಾಗ, ನಮ್ಮ ಹಬ್ಬದ ಸಾಮಾನು ಯಾರ ಬೆವರಿನಿಂದ ಬಂದಿತು, ಗೋಡಂಬಿ ಸುಲಿದ ಕೈಗೆ, ಕಬ್ಬು ಕಡಿದ ಕೈಗೆ ಸರಿಯಾದ ಕೂಲಿ ಸಿಕ್ಕಿತೇ ಎಂದು ಕೇಳಿಕೊಳ್ಳುವುದು ಆಗಮನ ಕಾಲದ ಆತ್ಮಶೋಧನೆಗೆ ಹೊರಗಿನ ಪ್ರಶ್ನೆಯಲ್ಲ.

ಒಲೆ ಮತ್ತು ಸಮಯ

ಹಣವಿದ್ದರೂ ಒಲೆ ಬೇಕಲ್ಲ! ಯೂರೋಪಿನ ಬಹುಪಾಲು ಮನೆಗಳಲ್ಲಿ ರೊಟ್ಟಿ ಸುಡುವ ಗೂಡೊಲೆ ಇರಲಿಲ್ಲ. ಊರಿಗೊಂದು ಒಲೆ, ಇಲ್ಲವೇ ರೊಟ್ಟಿಗಾರನ ಅಂಗಡಿ. ಸ್ಯಾಕ್ಸನಿಯ ಕುಟುಂಬಗಳು ಹಿಟ್ಟು, ಬೆಣ್ಣೆ, ದ್ರಾಕ್ಷಿಗಳನ್ನು ರೊಟ್ಟಿಗಾರನ ಬಳಿಗೆ ಒಯ್ದು ಸ್ಟೋಲನ್ ಸುಡಿಸುತ್ತಿದ್ದವು. ಒಬ್ಬರದು ಇನ್ನೊಬ್ಬರಿಗೆ ಹೋಗದಿರಲೆಂದು ಗುರುತಿನ ಲೋಹದ ಬಿಲ್ಲೆಯನ್ನು ಹಿಟ್ಟಿಗೆ ಚುಚ್ಚಿಡುತ್ತಿದ್ದರು. ಲಂಡನ್ನಿನ ಬಡವರು ಹಬ್ಬದ ಊಟವನ್ನು ಬೇಯಿಸಿಕೊಳ್ಳಲು ರೊಟ್ಟಿ ಅಂಗಡಿಗೆ ಹೊತ್ತೊಯ್ಯುವ ಚಿತ್ರ 1843ರಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸ್‌ರ 'ಎ ಕ್ರಿಸ್ಮಸ್ ಕ್ಯಾರೊಲ್' ಕತೆಯಲ್ಲಿದೆ.

ಇನ್ನು ಸಮಯದ ಮಾತು. ಇಡ್ಲಿ ಹಿಟ್ಟನ್ನು ರಾತ್ರಿ ರುಬ್ಬಿಟ್ಟು ಬೆಳಗಿನ ತನಕ ಕಾಯುವ ನಮಗೆ ಹುದುಗಿನ ಲೆಕ್ಕ ಗೊತ್ತು. ಮಂಗಳೂರಿನ ಸನ್ನ ಮಾಡುವವರು ಕಳ್ಳು ಹಾಕಿ ಕಾಯುವುದೂ ಅದೇ ಕಾರಣಕ್ಕೆ. ಬೆಣ್ಣೆ, ಸಕ್ಕರೆ, ಹಣ್ಣುಗಳು ಹೆಚ್ಚಾದ ಹಿಟ್ಟಂತೂ ಬೇಗ ಉಬ್ಬುವುದಿಲ್ಲ. ಹುದುಗಿಲ್ಲದೆ ಉಬ್ಬಬೇಕಾದರೆ ಮೊಟ್ಟೆಯನ್ನು ಕಡೆದು ಗಾಳಿ ತುಂಬಬೇಕು. 1747ರಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ಲಾಸ್ ಎಂಬಾಕೆ ಪ್ರಕಟಿಸಿದ ಪ್ರಸಿದ್ಧ ಅಡುಗೆ ಪುಸ್ತಕವು ಕೇಕಿನ ಹಿಟ್ಟನ್ನು ಒಂದು ಗಂಟೆ ಕಾಲ ಕಡೆಯಬೇಕೆನ್ನುತ್ತದೆ. ಆಳುಕಾಳುಗಳಿದ್ದ ಮನೆಗೆ ಸರಿ. ಹೊಲಕ್ಕೂ ಕಾರ್ಖಾನೆಗೂ ಹೋಗಿ ಬಂದ ತಾಯಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು?

ಉತ್ತರ ಬಂದದ್ದು ಬೂದಿಯಿಂದ. ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ತೆಗೆದ ಕ್ಷಾರಕ್ಕೆ ಪರ್ಲ್ ಆಶ್ ಎಂದು ಹೆಸರು. ಅದನ್ನು ಹುಳಿ ಹಾಲಿನೊಂದಿಗೋ ಕಾಕಂಬಿಯೊಂದಿಗೋ ಸೇರಿಸಿದರೆ ಹಿಟ್ಟು ತಾನಾಗಿ ಉಬ್ಬುತ್ತದೆಂದು ಅಮೆರಿಕದ ಗೃಹಿಣಿಯರು ಕಂಡುಕೊಂಡರು. ಅಮೆರಿಕದವರೇ ಬರೆದ ಮೊದಲ ಅಡುಗೆ ಪುಸ್ತಕವೆನಿಸಿದ, 1796ರಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್‌ಳ ಪುಸ್ತಕದಲ್ಲಿ ಇದರ ಬಳಕೆಯಿದೆ. ಮುಂದೆ ಕಾರ್ಖಾನೆಯ ಅಡುಗೆ ಸೋಡ ಬಂದಿತು. 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಎಂಬಿಬ್ಬರು ಅಮೆರಿಕದಲ್ಲಿ ಅದನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಅದಕ್ಕೂ ಮೊದಲೇ, 1843ರಲ್ಲಿ, ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಸೋಡಕ್ಕೆ ಹುಳಿಪುಡಿಯನ್ನೂ ಬೆರೆಸಿ ಬೇಕಿಂಗ್ ಪೌಡರ್ ತಯಾರಿಸಿದ್ದ. ಆತನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಅವಳೂ ರೊಟ್ಟಿ ತಿನ್ನಲೆಂಬ ಅಕ್ಕರೆಯೇ ಈ ಹುಡುಕಾಟಕ್ಕೆ ಕಾರಣ.

ಇದರ ಗುಟ್ಟು ಸರಳ. ಸೋಡವೆಂಬ ಕ್ಷಾರ ಮಜ್ಜಿಗೆಯಂಥ ಹುಳಿಯನ್ನು ಮುಟ್ಟಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲದ ಗುಳ್ಳೆಗಳೇಳುತ್ತವೆ. ಅವು ಹಿಟ್ಟಿನೊಳಗೆ ಸಿಕ್ಕಿಕೊಂಡು ಅದನ್ನು ಎತ್ತುತ್ತವೆ; ಒಲೆಯ ಬಿಸಿ ಅದನ್ನು ಹಾಗೆಯೇ ಗಟ್ಟಿಗೊಳಿಸುತ್ತದೆ. ಯೀಸ್ಟ್ ಗಂಟೆಗಟ್ಟಲೆ ಮಾಡುವ ಕೆಲಸವನ್ನು ಸೋಡ ನಿಮಿಷಗಳಲ್ಲಿ ಮಾಡುತ್ತದೆ.

ಕಥೋಲಿಕ ಐರ್ಲೆಂಡಿನಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ. ಅಲ್ಲಿ ಬೆಳೆಯುವ ಮೆದು ಗೋಧಿ ಯೀಸ್ಟಿನ ರೊಟ್ಟಿಗೆ ಅಷ್ಟಾಗಿ ಒಗ್ಗದು. ಬಡವರ ಮನೆಯಲ್ಲಿ ಗೂಡೊಲೆಯೂ ಇಲ್ಲ. 19ನೇ ಶತಮಾನದಲ್ಲಿ ಸೋಡ ಬಂದ ಮೇಲೆ, ಮಜ್ಜಿಗೆಯಲ್ಲಿ ಹಿಟ್ಟು ಕಲಸಿ, ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುವುದು ಮನೆಮನೆಯ ಪದ್ಧತಿಯಾಯಿತು. ವಿಶೇಷ ದಿನಗಳಲ್ಲಿ ಅದಕ್ಕೊಂದು ಹಿಡಿ ಒಣದ್ರಾಕ್ಷಿ. ಹಾಗೆಯೇ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಅಮೆರಿಕದಲ್ಲಿ ಕಪ್ಪಾದ ಬಾಳೆಹಣ್ಣನ್ನೂ ಎಸೆಯದೆ ಸೋಡ ಹಾಕಿ ಬೇಯಿಸಿದ ರೊಟ್ಟಿ ಮನೆಮಾತಾಯಿತು. ಒಲೆ ಮತ್ತು ಸಮಯದ ಬಾಗಿಲುಗಳು ಹೀಗೆ ತೆರೆದವು. ಹಬ್ಬದ ರೊಟ್ಟಿ ಅರಮನೆ, ಅಂಗಡಿಗಳನ್ನು ದಾಟಿ ಬಡವರ ಅಡುಗೆಮನೆಗೆ ಬಂದಿತು.

ನಮ್ಮ ಕರಾವಳಿಗೆ

ನಮ್ಮ ಕಡೆಗೂ ಇದು ಹಲವು ದಾರಿಗಳಿಂದ ಬಂದಿದೆ. ಉತ್ತರ ಕೇರಳದ ತಲಶ್ಶೇರಿಯಲ್ಲಿ 1880ರಲ್ಲಿ ಬಿಸ್ಕತ್ತು ಕಾರ್ಖಾನೆ ತೆರೆದ ಮಂಬಳ್ಳಿ ಬಾಪು ಎಂಬವರಿಗೆ, 1883ರಲ್ಲಿ ದಾಲ್ಚಿನ್ನಿ ತೋಟದ ಒಡೆಯ ಮರ್ಡಾಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಕೇಕಿನ ತುಂಡನ್ನು ಕೊಟ್ಟು ಅದರಂತೆ ಮಾಡಿಕೊಡಲು ಹೇಳಿದನಂತೆ. ಬಾಪು ವಿದೇಶದ ಬ್ರಾಂದಿಯ ಬದಲು ಊರಿನ ಗೇರುಹಣ್ಣು, ಬಾಳೆಹಣ್ಣಿನ ಮದ್ಯ ಬಳಸಿ ಕೇಕು ಮಾಡಿ ಸೈ ಎನಿಸಿಕೊಂಡರೆಂದು ಆ ಮನೆತನದವರು ಹೇಳುತ್ತಾ ಬಂದಿದ್ದಾರೆ. ಆ ಗೇರು ಕೂಡ ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಗಿಡ. ಇಂದು ದಕ್ಷಿಣ ಕನ್ನಡದ ಗುಡ್ಡಗಳ ಸ್ವಂತ ಬೆಳೆ.

ನಮ್ಮ ಮಂಗಳೂರು, ಉಡುಪಿ ಕಡೆಯ ಕುಟುಂಬಗಳಲ್ಲಿ ಕೇಕಿಗಿಂತ ಮೊದಲಿನದು ಕುಸ್ವಾರ್. ನೆವ್ರಿ, ಕಿಡ್ಯೊ, ಗುಳಿಯೊಗಳ ತಟ್ಟೆಯಲ್ಲಿ ಕೇಕು ಆಮೇಲೆ ಬಂದು ಕುಳಿತ ನೆಂಟ. ಮೈಸೂರು, ಬೆಂಗಳೂರಿನ ಕಡೆ ಕರ್ಜಿಕಾಯಿ, ಕಜ್ಜಾಯ, ರವೆಉಂಡೆಗಳ ಸಾಲಿಗೂ ಅದು ಹಾಗೆಯೇ ಸೇರಿತು. ಕರೆಂಟಿನ ಒಲೆ ಇಲ್ಲದ ಕಾಲದಲ್ಲಿ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೂ ಐರ್ಲೆಂಡಿನ ಅಜ್ಜಿಯರಿಗೂ ಪರಿಚಯವಿರಲಿಲ್ಲ. ಬಡತನವೂ ಜಾಣ್ಮೆಯೂ ಇಬ್ಬರಿಗೂ ಒಂದೇ ಪಾಠ ಕಲಿಸಿದ್ದವು. ಸೇಬು, ಚೆರ್ರಿ ಸಿಗದ ಕಡೆ ಪಪ್ಪಾಯಿ ಕಾಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಬಣ್ಣದ ಟೂಟಿ ಫ್ರೂಟಿ ಮಾಡಿಕೊಂಡದ್ದೂ ಇದೇ ಜಾಣ್ಮೆ.

ಮನೆಯಲ್ಲಿ ಮಾಡುವ ಬಗೆ

ಎರಡು ಕಪ್ ಮೈದಾಕ್ಕೆ (ಅರ್ಧ ಗೋಧಿ ಹಿಟ್ಟಾದರೂ ಆದೀತು) ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡ, ಚಿಟಿಕೆ ಉಪ್ಪು, ಸ್ವಲ್ಪ ಚಕ್ಕೆ ಪುಡಿ ಹಾಕಿ ಜರಡಿ ಹಿಡಿಯಿರಿ. ಬೇರೆ ಪಾತ್ರೆಯಲ್ಲಿ ಎರಡು ಮೊಟ್ಟೆ, ಮುಕ್ಕಾಲು ಕಪ್ ಬೆಲ್ಲದ ಪುಡಿ, ಒಂದು ಕಪ್ ಗಟ್ಟಿ ಹುಳಿ ಮಜ್ಜಿಗೆ, ಕಪ್ಪಿನ ಮೂರನೇ ಒಂದು ಭಾಗ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ ಸೇರಿಸಿ ಕದಡಿ. ಒಂದೂಕಾಲು ಕಪ್ ಹೆಚ್ಚಿದ ಖರ್ಜೂರ, ಒಣದ್ರಾಕ್ಷಿ, ಗೋಡಂಬಿಗಳಿಗೆ ಒಂದು ಚಮಚ ಹಿಟ್ಟು ಸವರಿಡಿ. ಎಲ್ಲವನ್ನೂ ಒಟ್ಟುಗೂಡಿಸಿ ಹಿಟ್ಟಿನ ಒಣಗಂಟು ಮಾಯವಾಗುವಷ್ಟೇ ಕಲಸಿ. ಹೆಚ್ಚು ಕಲಸಿದರೆ ರೊಟ್ಟಿ ನಾರಾಗುತ್ತದೆ. ಕಲಸಿದ್ದನ್ನು ಇಟ್ಟುಕೊಂಡು ಕೂರಬಾರದು, ಗುಳ್ಳೆಗಳು ಹಾರಿಹೋಗುತ್ತವೆ. ಬೆಣ್ಣೆ ಸವರಿದ ಅಚ್ಚಿಗೆ ಸುರಿದು, 180 ಡಿಗ್ರಿ ಕಾದ ಓವನ್ನಿನಲ್ಲಿ 50ರಿಂದ 60 ನಿಮಿಷ ಬೇಯಿಸಿ. ಓವನ್ ಇಲ್ಲದವರು ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ನೀರು ಹಾಕದೆ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಬಹುದು. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಸೋಡ ಅಳತೆ ಮೀರಿದರೆ ಸೋಪಿನ ವಾಸನೆ ಬಂದೀತು, ಜೋಕೆ. ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಮರುದಿನ ಕೊಯ್ದರೆ ತುಂಡು ಅಚ್ಚುಕಟ್ಟಾಗಿ ಬರುತ್ತದೆ.

ತೆರೆದ ಬಾಗಿಲು ನಮ್ಮ ಹಿಂದೆ ಮುಚ್ಚದಿರಲಿ

ಪ್ರಿಯ ಓದುಗರೇ, ಈ ರೊಟ್ಟಿಯನ್ನು ನಮ್ಮ ಮನೆಗೆ ತಂದವರು ಎಷ್ಟೊಂದು ಮಂದಿ! ರೋಮಿಗೆ ಮನವಿ ಬರೆದವರು, ಗುಲಾಮರ ಸಕ್ಕರೆ ಬೇಡವೆಂದವರು, ಬೂದಿಯ ಕ್ಷಾರವನ್ನು ಹಿಟ್ಟಿಗೆ ಸೇರಿಸಿ ನೋಡಿದ ಹೆಸರಿಲ್ಲದ ಹೆಂಗಸರು, ಹೆಂಡತಿಗಾಗಿ ಪುಡಿ ಬೆರೆಸಿದ ಗಂಡ. ಅವರು ತೆರೆದ ಬಾಗಿಲುಗಳಿಂದ ನಾವು ಒಳಗೆ ಬಂದಿದ್ದೇವೆ. ಆದರೆ ನಮ್ಮ ಧರ್ಮಕೇಂದ್ರದ ಎಲ್ಲೆಯಲ್ಲೇ ಇನ್ನೂ ಹೊರಗಿರುವವರು ಇದ್ದಾರೆ. ಮಕ್ಕಳು ವಿದೇಶದಲ್ಲಿದ್ದು ಒಬ್ಬರೇ ಕುಳಿತ ಹಿರಿಯರು, ಆಸ್ಪತ್ರೆಯಲ್ಲಿರುವವರು, ಕಟ್ಟಡದ ಕೆಲಸಕ್ಕೆ ದೂರದ ಊರಿನಿಂದ ಬಂದು ತಗಡಿನ ಶೆಡ್ಡಿನಲ್ಲಿ ಹಬ್ಬ ಕಳೆಯುವ ಕುಟುಂಬಗಳು.

ಮಂಗಳೂರಿನ ಕುಸ್ವಾರ್ ತಟ್ಟೆ ಹಿಂದೂ, ಮುಸ್ಲಿಂ ನೆರೆಮನೆಗೂ ಹೋಗುತ್ತದೆ. ದೀಪಾವಳಿಗೂ ಈದಿಗೂ ಅಲ್ಲಿಂದ ತಟ್ಟೆ ತುಂಬಿ ಬರುತ್ತದೆ. ಆ ಪದ್ಧತಿ ಫ್ಲಾಟುಗಳ ಮುಚ್ಚಿದ ಬಾಗಿಲುಗಳ ನಡುವೆ ಸೊರಗಬಾರದು. ಅಂಗಡಿಯಿಂದ ತಂದ ಡಬ್ಬಿಯನ್ನು ಕೊಟ್ಟರೂ ಕೊಟ್ಟಂತೆಯೇ ಸರಿ. ಆದರೆ ನಾವೇ ಕಲಸಿ ಬೇಯಿಸಿದ್ದರಲ್ಲಿ ನಮ್ಮ ಒಂದಿಷ್ಟು ಹೊತ್ತೂ ಸೇರಿರುತ್ತದೆ. ಸೋಡ ಉಳಿಸಿಕೊಟ್ಟ ಆ ಗಂಟೆಗಳನ್ನು ಕಳೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಒಂದು ಅಚ್ಚಿನ ಬದಲು ಎರಡು ಅಚ್ಚಿಗೆ ಹಿಟ್ಟು ಕಲಸೋಣ: ಒಂದು ಮನೆಗೆ, ಇನ್ನೊಂದು ಕರೆಯದವರ ಮನೆಗೆ. ಸಾರಳು ಅವಸರದಲ್ಲಿ ನಾದಿದ ಹಿಟ್ಟು ಅಪರಿಚಿತರ ಪಾಲಿನದು ಎಂಬುದನ್ನು ನೆನಪಿಡೋಣ.

ರೊಟ್ಟಿಯ ಮನೆಯಲ್ಲಿ ಹುಟ್ಟಿದ ಬಾಲಯೇಸು ನಮ್ಮ ಮನೆಗಳನ್ನೂ ಹಂಚಿ ಉಣ್ಣುವ ಮನೆಗಳನ್ನಾಗಿ ಮಾಡಲಿ. ಎಲ್ಲರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು.